ಟ್ರಾನ್ಸ್ ವಿದ್ಯಾರ್ಥಿಗೆ ಕಾಲೇಜು: ನಾನು ಓಡಾಡಿ ನೋಡಿದ ಮೂರು ದಾರಿ

ಪಿಯುಸಿ ಮುಗಿಸಿ ಬಿಎ ಸೇರಲು ಹೊರಟಾಗ ನನ್ನ ಕೈಯಲ್ಲಿ ಎರಡು ಕಾಗದ ಇದ್ದವು. ಹಳೆಯ ಹೆಸರಿನ ಮಾರ್ಕ್ಸ್ ಕಾರ್ಡ್ ಒಂದು, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಡಿಸಿ ಕಚೇರಿಯಿಂದ ಬಂದ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಇನ್ನೊಂದು. ಎರಡನ್ನೂ ಮೇಜಿನ ಮೇಲಿಟ್ಟಾಗ ಎದುರಿಗಿದ್ದವರು ಏನು ಮಾಡುತ್ತಾರೆ ಅನ್ನುವುದರಲ್ಲೇ ಕಾಲೇಜು ಎಂಥದ್ದೆಂದು ಮುಕ್ಕಾಲು ಪಾಲು ತಿಳಿದುಹೋಗುತ್ತದೆ.

ಮೊದಲು ಹೋಗಿದ್ದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ. ಗೋಡೆಯ ಮೇಲೆ ಕಾಮನಬಿಲ್ಲಿನ ಪೋಸ್ಟರ್, ಅರ್ಜಿಯಲ್ಲಿ ‘ಇತರೆ’ ಕಾಲಂ, ನಮ್ಮಂಥವರ ಪರ ನಿಲ್ಲುವ ವಿದ್ಯಾರ್ಥಿಗಳ ಬಳಗ. ಆ ಮಕ್ಕಳು ನಿಜಕ್ಕೂ ಒಳ್ಳೆಯವರು, ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಟೀ ಕೊಡಿಸಿದರು. ಆದರೆ ಕೌಂಟರಿನಲ್ಲಿ ಹಳೆಯ ಹೆಸರನ್ನೇ ಎರಡು ಸಲ ಗಟ್ಟಿಯಾಗಿ ಕೂಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾಸ್ಟೆಲ್ ಕೇಳಿದ್ದಕ್ಕೆ “ಮ್ಯಾನೇಜ್‌ಮೆಂಟ್ ಹತ್ರ ಕೇಳಿ ಹೇಳ್ತೀವಿ” ಅಂದರು. ಮೂರು ವಾರ ಕಾದೆ, ಉತ್ತರವೇ ಬರಲಿಲ್ಲ. ಹಾಸ್ಟೆಲ್ ಇಲ್ಲ ಅಂದರೆ ನಮಗೆ ಬೆಂಗಳೂರೇ ಇಲ್ಲ. ಬಾಡಿಗೆಗೆ ರೂಮು ಕೊಡುವವರು ಎಷ್ಟು ಜನ ಹೇಳಿ?

ಆಮೇಲೆ ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಪೋಸ್ಟರೂ ಇಲ್ಲ, ಬಳಗವೂ ಇಲ್ಲ. ಆಫೀಸಿನ ಮೇಡಂ ಎರಡೂ ಕಾಗದ ಓದಿ, “ಕೂತ್ಕೋಮ್ಮ” ಅಂದರು. “ಪ್ರವೇಶ, ಪರೀಕ್ಷೆಯ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಮಾರ್ಕ್ಸ್ ಕಾರ್ಡಿನ ಹೆಸರೇ ಬರುತ್ತೆ, ಹಾಲ್ ಟಿಕೆಟ್ಟೂ ಹಾಗೇ. ಹಾಜರಿ ಪುಸ್ತಕದಲ್ಲಿ ಏನಂತ ಬರೀಲಿ?” ನಾನು ಹೇಳಿದ ಹೆಸರನ್ನು ನೀಲಿ ಶಾಯಿಯಲ್ಲಿ ನಿಧಾನವಾಗಿ ಬರೆದು, ಕಾಗುಣಿತ ಸರಿಯಿದೆಯಾ ಅಂತ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪ್ರಾಂಶುಪಾಲರು ಸಿಬ್ಬಂದಿ ಶೌಚಾಲಯದ ಕೀಲಿ ಕೊಡಿಸಿದರು.

ಇಲ್ಲೂ ಕೊರತೆಯಿದೆ. ಹಿಂದಿನ ಬೆಂಚಿನವರ ಕಿಸಕ್ಕನೆ ನಗು ತಿಂಗಳುಗಟ್ಟಲೆ ನಡೆಯಿತು. ನನ್ನನ್ನು ಕಾಡುವುದು ಅದಕ್ಕಿಂತ ದೊಡ್ಡದು: ಈ ಮೇಡಂಗೆ ವರ್ಗಾವಣೆಯಾದರೆ ಮುಂದೇನು? ಕಾಯ್ದೆಯ 13ನೇ ಕಲಂ ತಾರತಮ್ಯವಿಲ್ಲದೆ ಕಲಿಸಬೇಕು ಅನ್ನುತ್ತದೆ, 11ನೇ ಕಲಂ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅನ್ನುತ್ತದೆ. ಆ ಅಧಿಕಾರಿ ಯಾರೆಂದು ಕೇಳಿದೆ. ಎರಡೂ ಕಾಲೇಜುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀವು ಹೋದಲ್ಲೂ ಕೇಳಿ, ಕೇಳುತ್ತಲೇ ಇರಿ.

ಮೂರನೆಯದು ಇಗ್ನೋ, ಅಂದರೆ ಮನೆಯಲ್ಲೇ ಕೂತು ಓದುವ ದೂರಶಿಕ್ಷಣದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ 2017ರಲ್ಲೇ ಶುಲ್ಕ ವಿನಾಯಿತಿ ಘೋಷಿಸಿದ್ದು ಅದು. ಮನೆಯಿಂದ ಹೊರಬಿದ್ದು ದುಡಿದು ತಿನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಓದುವ ಹೊತ್ತು ನಮ್ಮ ಕೈಯಲ್ಲೇ ಇರುತ್ತದೆ, ದಿನಾ ಯಾರ ಕಣ್ಣನ್ನೂ ಎದುರಿಸಬೇಕಿಲ್ಲ. ನನಗೆ ಮಾತ್ರ ಪಕ್ಕದಲ್ಲಿ ಕೂತು ನೋಟ್ಸ್ ಕೇಳುವ ಗೆಳತಿಯರು ಬೇಕಿತ್ತು.

ಹಾಗಾಗಿ ಸರ್ಕಾರಿ ಕಾಲೇಜನ್ನೇ ಸೇರಿದೆ. ಮೊದಲ ಸೆಮಿಸ್ಟರ್ ಪರೀಕ್ಷೆಗೆ ಪ್ರಾಂಶುಪಾಲರು ಒಂದು ಪತ್ರ ಬರೆದು ಹಾಲ್ ಟಿಕೆಟ್ಟಿಗೆ ಪಿನ್ ಮಾಡಿಕೊಟ್ಟರು. ಕೊಠಡಿ ಮೇಲ್ವಿಚಾರಕರು ಅದನ್ನು ಓದಿದರು, ಹಳೆಯ ಹೆಸರು ಕೂಗಲಿಲ್ಲ, ಉತ್ತರ ಪತ್ರಿಕೆ ಕೈಗಿಟ್ಟು ಮುಂದಿನ ಬೆಂಚಿಗೆ ಹೋದರು.