ಚಿಕಾಗೋ ಚಳೀಲಿ ಕ್ಯಾಲಿಫೋರ್ನಿಯಾ ವೈನ್ ತರಿಸ್ಕೊಳ್ಳೋದು: ಏಳು ವರ್ಷದ ಅನುಭವ

ನಾವಿರೋದು ಚಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. 2017ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿರೋ ಒಂದು ಸಣ್ಣ ವೈನರಿಯ ಕ್ಲಬ್ ಸೇರಿದ್ವಿ, ವರ್ಷಕ್ಕೆ ನಾಲ್ಕು ಸಲ ಆರಾರು ಬಾಟಲ್ ಬರ್ತಿತ್ತು. ರುಚಿ ಬಗ್ಗೆ ಇನ್ನೊಂದ್ಸಲ ಬರೀತೀನಿ, ಇದು ಚಳಿಗಾಲದಲ್ಲಿ ಬಾಕ್ಸ್ ಮನೆಗೆ ಹೇಗೆ ಬಂದು ಸೇರತ್ತೆ ಅನ್ನೋದ್ರ ಬಗ್ಗೆ ಮಾತ್ರ, ಯಾಕಂದ್ರೆ ನಾನು ದುಡ್ಡು ಕಳ್ಕೊಂಡಿದ್ದು ಅಲ್ಲೇ.

2018ರ ಜನವರಿ ಮೊದಲ ವಾರ ಇಲ್ಲಿ ಸಿಕ್ಕಾಪಟ್ಟೆ ಚಳಿ. ಬಾಕ್ಸ್ ಬಂದಾಗ ಮನೇಲಿ ಯಾರೂ ಇಲ್ಲ, ವೈನ್ ಅಂದ್ಮೇಲೆ 21 ದಾಟಿದೋರು ಸೈನ್ ಮಾಡ್ಲೇಬೇಕು, ಅದಕ್ಕೆ ಕೊರಿಯರ್‌ನೋರು ವಾಪಸ್ ತಗೊಂಡೋದ್ರು, ಮಾರನೇ ದಿನಾನೂ ಅದೇ ಕಥೆ, ಹೀಗೆ ಎರಡು ದಿನ ಬಾಕ್ಸು ಟ್ರಕ್ಕಲ್ಲೇ ಊರು ಸುತ್ತಿದೆ. ಮೂರನೇ ದಿನ ತೆಗೆದ್ರೆ ನನ್ನ ಹೆಂಡ್ತಿ "ರೀ, ಕಾರ್ಕ್ ಮೇಲೆ ಬಂದಿದೆ ನೋಡ್ರೀ" ಅಂದ್ಳು. ಶಾರ್ಡನೇ (ಬಿಳಿ ವೈನ್) ಎರಡೂ ಬಾಟಲ್ ಒಳಗಡೆ ಐಸ್, ಒಂದ್ರಲ್ಲಿ ಕಾರ್ಕ್ ಪಕ್ಕದಿಂದ ವೈನ್ ಸೋರಿ ಫಾಯಿಲ್ ಒಳಗೆಲ್ಲ ಅಂಟು.

ಮಾಮೂಲಿ ವೈನು ಸುಮಾರು -5ರಿಂದ -7 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟಕ್ಕೆ ಶುರುವಾಗತ್ತೆ, ಆಲ್ಕೋಹಾಲ್ ಜಾಸ್ತಿ ಇದ್ರೆ ಇನ್ನೂ ಸ್ವಲ್ಪ ಕೆಳಗೆ. ಐಸ್ ಆಗೋವಾಗ ಉಬ್ಬಿ ಕಾರ್ಕ್ ತಳ್ಳತ್ತೆ, ಕರಗಿದ ಮೇಲೆ ಆ ಸಂದೀಲಿ ಗಾಳಿ ಹೋಗತ್ತೆ, ವೈನ್ ಕೆಡೋದು ಆ ಗಾಳಿಯಿಂದ. ಕಾರ್ಕ್ ಅಲ್ಲಾಡದೆ ಇದ್ರೆ ಸಾಮಾನ್ಯವಾಗಿ ಬಚಾವ್, ಅಲ್ಲಾಡಿದ್ರೆ ಫ್ರಿಜ್‌ನಲ್ಲಿ ನಿಧಾನಕ್ಕೆ ಕರಗಿಸಿ ಬೇಗ ಕುಡಿದು ಮುಗಿಸ್ಬೇಕು, ಎತ್ತಿಡಬಾರ್ದು. ತಳದಲ್ಲಿ ಸಕ್ಕರೆ ಹರಳಿನ ತರ ಏನಾದ್ರೂ ಕಂಡ್ರೆ ಗಾಜು ಅಂತ ಹೆದರ್ಬೇಡಿ, ಅದು ಟಾರ್ಟಾರಿಕ್ ಆಸಿಡ್‌ನ ಉಪ್ಪು, ಏನೂ ಆಗಲ್ಲ. ಆದ್ರೆ ಸ್ಪಾರ್ಕ್ಲಿಂಗ್ (ಗುಳ್ಳೆ ಬರೋ ವೈನ್) ಮಾತ್ರ ಚಳೀಲಿ ತರಿಸಲೇಬೇಡಿ, ಒಳಗೆ ಮೊದಲೇ ಅಷ್ಟು ಪ್ರೆಷರ್ ಇರತ್ತೆ, ಬಾಟಲೇ ಒಡೀಬಹುದು.

ನಮ್ಮಪ್ಪ ಚಿಕ್ಕಬಳ್ಳಾಪುರದ ಹತ್ರ ದಿಲ್‌ಖುಷ್ ದ್ರಾಕ್ಷಿ ಬೆಳೀತಿದ್ದೋರು. ಕೊಯ್ಲಿಗೆ ಎಂಟು ದಿನ ಇದೆ ಅನ್ನೋವಾಗ ಆಲಿಕಲ್ಲು ಬಿದ್ದು ತೋಟ ಪೂರ್ತಿ ಹೋಗಿದ್ದು ನೋಡಿದೀನಿ. ಬೆಳೆದು ಕೊಯ್ದು ಬಾಟಲ್ ತುಂಬಿ ಎಲ್ಲಾ ಆದ್ಮೇಲೆ ಲಾರೀಲಿ ಹಾಳಾಯ್ತು ಅಂದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ವೈನರಿಯೋರು ಎರಡು ಬಾಟಲ್ ಬದಲಿ ಕಳಿಸಿದ್ರು, ಮುಂದಿನ ಸಲ ಥರ್ಮಕೋಲ್ ಬಾಕ್ಸು, ಹೀಟ್ ಪ್ಯಾಕು ಹಾಕಿಸ್ಕೊಳ್ಳಿ ಅಂದ್ರು. ಎರಡು ಚಳಿಗಾಲ ಅದಕ್ಕೂ ದುಡ್ಡು ಕೊಟ್ಟೆ. ಥರ್ಮಕೋಲ್ ಚಳಿ ಒಳಗೆ ಹೋಗೋದನ್ನ ತಡ ಮಾಡತ್ತೆ ಅಷ್ಟೇ, ಸ್ವೆಟರ್ ಹಾಕಿದ್ರೆ ನಮಗೆ ಬೆಚ್ಚಗಾಗೋದು ನಮ್ಮ ಮೈ ಬಿಸಿಯಿಂದ, ಬಾಟಲ್‌ಗೆ ಆ ಬಿಸಿ ಎಲ್ಲಿಂದ ಬರ್ಬೇಕು? ಹೀಟ್ ಪ್ಯಾಕ್ ಒಳಗಿರೋದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯುತ್ತಾ ಬಿಸಿ ಕೊಡತ್ತೆ, ಗಟ್ಟಿಯಾಗಿ ಮುಚ್ಚಿದ ಡಬ್ಬದಲ್ಲಿ ಗಾಳಿ ಕಮ್ಮಿ ಆದ್ರೆ ಅದೂ ಆರಿ ಹೋಗತ್ತೆ. ಸೊನೋಮಾದಿಂದ ಗ್ರೌಂಡ್‌ನಲ್ಲಿ, ಅಂದ್ರೆ ರಸ್ತೆ ಮೇಲೆ ಟ್ರಕ್ಕಲ್ಲಿ, ನಾಲ್ಕೈದು ದಿನ, ನೆವಾಡಾ, ಯೂಟಾ, ವಯೋಮಿಂಗ್, ನೆಬ್ರಾಸ್ಕಾ ಎಲ್ಲಾ ದಾಟಿ ಬರ್ಬೇಕು. ಒಂದಿನದ ಚಳಿಗೆ ಓಕೆ, ಐದು ದಿನಕ್ಕೆ ಸಾಲಲ್ಲ.

ನನಗೆ ನಿಜವಾಗಿ ಕೆಲಸ ಮಾಡಿದ್ದು ಒಂದು ಪೈಸೆ ಖರ್ಚಿಲ್ಲದ ವೆದರ್ ಹೋಲ್ಡ್. ಚಳಿ ಕಮ್ಮಿ ಆಗೋವರೆಗೂ ನಮ್ಮ ಬಾಕ್ಸ್ ವೈನರಿಯೋರ ಗೋಡೌನಲ್ಲೇ ಇರತ್ತೆ. 2019 ಜನವರಿ 30ಕ್ಕೆ ಇಲ್ಲಿ ಸುಮಾರು -31 ಡಿಗ್ರಿಗೆ ಇಳೀತು, ಅಂಚೆಯೋರೂ ಡೆಲಿವರಿ ನಿಲ್ಲಿಸಿದ್ರು, ಆವತ್ತು ನನ್ನ ಬಾಕ್ಸ್ ಸೊನೋಮಾದಲ್ಲಿ ಆರಾಮಾಗಿತ್ತು. ಆಮೇಲಿಂದ ಡಿಸೆಂಬರ್‌ನಿಂದ ಮಾರ್ಚ್ ಅರ್ಧದವರೆಗೂ ಹೋಲ್ಡ್, ಹೊರಡೋದು ಸೋಮವಾರವೇ (ಇಲ್ಲಾಂದ್ರೆ ಶನಿವಾರ ಭಾನುವಾರ ಯಾವ್ದೋ ಗೋಡೌನಲ್ಲಿ ಕೊರೀತಾ ಕೂತಿರತ್ತೆ), ಮನೆಗೆ ಬೇಡ, ಕೊರಿಯರ್‌ನೋರ ಪಿಕಪ್ ಕೌಂಟರ್‌ಗೇ ಕಳ್ಸಿ ಅಂತ ಹೇಳ್ತೀನಿ, ಆಫೀಸಿಂದ ಬರ್ತಾ ಐಡಿ ತೋರ್ಸಿ ತಗೋತೀನಿ. ಮತ್ತೆ ಒಂದು ಬಾಟಲೂ ಹಾಳಾಗಿಲ್ಲ.

ಬೇಜಾರಿರೋದು ಎರಡಕ್ಕೆ. ಕಾರ್ಡಿಂದ ದುಡ್ಡು ಡಿಸೆಂಬರಲ್ಲೇ ಕಟ್ ಆಗತ್ತೆ, ವೈನ್ ಬರೋದು ಮಾರ್ಚ್ ಕೊನೆಗೆ, ಇದು ನನಗೆ ಸರಿ ಕಾಣಲ್ಲ, ಕಳಿಸೋ ದಿನ ತಗೊಳ್ಳಿ ಅಂತ ಮೂರು ಸಲ ಮೇಲ್ ಹಾಕಿದೀನಿ. ಇನ್ನೊಂದು, ಹೋಲ್ಡ್ ನಾವಾಗೇ ಕೇಳ್ಬೇಕು, ಹೊಸಬರಿಗೆ ಹೀಗೊಂದಿದೆ ಅಂತಾನೇ ಗೊತ್ತಾಗಲ್ಲ. ಚಳಿ ಜಾಗದ ಅಡ್ರೆಸ್ ಕಂಡ್ರೆ ಅವರೇ ಹಾಕಬಹುದಲ್ವಾ?

ಈ ಹೋಲ್ಡ್ ವ್ಯವಸ್ಥೆಗೆ 5ಕ್ಕೆ 4 ಕೊಡ್ತೀನಿ. ಈ ಸಲ ಅಕ್ಟೋಬರಲ್ಲೇ ಹೋಲ್ಡ್ ಹಾಕ್ಸಿದೀನಿ, ಯುಗಾದಿಗೆ ನೆಂಟರು ಬರೋ ಹೊತ್ತಿಗೆ ಬಂದ್ರೆ ಸಾಕು.