ಹ್ಯಾಕರ್ ನ್ಯೂಸ್: ಮುಖಪುಟಕ್ಕಿಂತ ಹಿಂಬಾಗಿಲೇ ವಾಸಿ

ಚಿತ್ರವಿಲ್ಲ, ವಿಡಿಯೊ ಇಲ್ಲ, ‘ನಿಮಗಾಗಿ’ ಎಂದು ಯಾರೋ ಆರಿಸಿಟ್ಟ ಸಾಲುಗಳಿಲ್ಲ. ಮೇಲೊಂದು ಕಿತ್ತಳೆ ಬಣ್ಣದ ಪಟ್ಟಿ, ಕೆಳಗೆ 30 ಶೀರ್ಷಿಕೆಗಳು, ಅಷ್ಟೇ. ಹೂಡಿಕೆ ಸಂಸ್ಥೆ ವೈ ಕಾಂಬಿನೇಟರ್‌ನ ಪಾಲ್ ಗ್ರಹಾಂ 2007ರಲ್ಲಿ ಸ್ಟಾರ್ಟಪ್ ನ್ಯೂಸ್ ಎಂಬ ಹೆಸರಿನಲ್ಲಿ ಶುರು ಮಾಡಿ, ಅದೇ ವರ್ಷ ಹ್ಯಾಕರ್ ನ್ಯೂಸ್ ಎಂದು ಹೆಸರು ಬದಲಿಸಿದ ತಾಣ ಇದು. ಬೇರೆ ತಾಣಗಳ ಬರಹಗಳ ಕೊಂಡಿಗಳನ್ನು (ಲಿಂಕ್) ಓದುಗರೇ ಇಲ್ಲಿ ಸೇರಿಸುತ್ತಾರೆ, ಮತ ಹಾಕಿ ಅಂಕ ಕೊಡುತ್ತಾರೆ, ಕಾಮೆಂಟ್‌ಗಳಲ್ಲಿ ಚರ್ಚಿಸುತ್ತಾರೆ. ರೂಪ ಇಂದಿಗೂ ಹೆಚ್ಚುಕಡಿಮೆ ಅಂದಿನದೇ. ಪುಟ ಹಗುರ, ನಿಧಾನದ ಸಂಪರ್ಕದಲ್ಲೂ ತಟ್ಟನೆ ತೆರೆಯುತ್ತದೆ, ಓದಲು ಖಾತೆ ಬೇಕಿಲ್ಲ. ತಂತ್ರಜ್ಞಾನದ ದಿನದ ಸುದ್ದಿಗೆ ಇದು ಸಾಧಾರಣ. ಆದರೆ ಒಳ್ಳೆಯ ಜಾಲತಾಣಗಳನ್ನು ಹುಡುಕಿಕೊಳ್ಳಲು ಇದಕ್ಕೆ ಸರಿಗಟ್ಟುವ ಉಚಿತ ಸಾಧನಗಳು ಕಡಿಮೆ. ಮುಖಪುಟವನ್ನಷ್ಟೇ ನೋಡಿ ಹೋಗುವವರಿಗೆ ಮಾತ್ರ ಆ ಲಾಭ ದಕ್ಕುವುದಿಲ್ಲ.

ಕಾರಣ ಮುಖಪುಟದ ಲೆಕ್ಕದಲ್ಲಿದೆ. ಹಿಂದೆ ಬಹಿರಂಗವಾದ ಕೋಡ್‌ನ ಪ್ರಕಾರ, ಕೊಂಡಿಗೆ ಬಂದ ಅಂಕದಲ್ಲಿ ಒಂದನ್ನು ಕಳೆದು 0.8ರ ಘಾತಕ್ಕೆ ಏರಿಸುತ್ತಾರೆ. ಅದು ಬಂದು ಎಷ್ಟು ಗಂಟೆಯಾಯಿತೋ ಅದಕ್ಕೆ 2 ಕೂಡಿಸಿ 1.8ರ ಘಾತಕ್ಕೆ ಏರಿಸಿ, ಆ ಸಂಖ್ಯೆಯಿಂದ ಮೊದಲಿನದನ್ನು ಭಾಗಿಸುತ್ತಾರೆ. ಒಂದು ಗಂಟೆಯ ಹಿಂದೆ ಬಂದು 50 ಅಂಕ ಗಳಿಸಿದ ಕೊಂಡಿಗೆ ಹೀಗೆ ಸುಮಾರು 3.1 ಸಿಗುತ್ತದೆ. ಹತ್ತು ಗಂಟೆಯ ಹಿಂದೆ ಬಂದು 300 ಅಂಕ ಗಳಿಸಿದ್ದಕ್ಕೆ ಸಿಗುವುದು ಸುಮಾರು 1.1. ಅಂದರೆ ಆರು ಪಟ್ಟು ಮತ ಬಿದ್ದ ಬರಹವೂ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಕೆಳಗಿಳಿಯುತ್ತದೆ. ಇದರ ಮೇಲೆ ದಂಡಗಳೂ ಇವೆ. ಓದುಗರು ‘ಇದು ಇಲ್ಲಿಗೆ ತಕ್ಕುದಲ್ಲ’ ಎಂದು ಫ್ಲ್ಯಾಗ್ ಒತ್ತಿದರೆ ಕುಸಿತ, ಅಂಕಕ್ಕಿಂತ ಕಾಮೆಂಟ್ ಹೆಚ್ಚಾದರೆ ‘ಜಗಳ ಶುರುವಾಗಿದೆ’ ಎಂದು ಭಾವಿಸಿ ಮತ್ತೊಂದು ಕುಸಿತ. ಎರಡನೆಯದು ಕೆಲವೊಮ್ಮೆ ಒಳ್ಳೆಯ ವಾದವನ್ನೂ ಬಲಿ ತೆಗೆದುಕೊಳ್ಳುತ್ತದೆ. ಹಾಗಾಗಿ ನೀವು ನಿದ್ದೆಯಲ್ಲಿದ್ದಾಗ ಬಂದದ್ದು ನೀವು ಏಳುವ ಹೊತ್ತಿಗೆ ಮುಖಪುಟ ದಾಟಿ ಹೋಗಿರುತ್ತದೆ.

ಇದಕ್ಕೆ ಮದ್ದು ಮೇಲ್ಪಟ್ಟಿಯಲ್ಲಿರುವ ‘ಪಾಸ್ಟ್’. ಅದನ್ನು ಒತ್ತಿದರೆ ಹಿಂದಿನ ದಿನದ ಕೊಂಡಿಗಳು ಬರುತ್ತವೆ. ಒಂದು ದಿನ, ಒಂದು ತಿಂಗಳು, ಒಂದು ವರ್ಷ ಎಂದು ಹಿಂದಕ್ಕೆ ಜಿಗಿಯಲೂ ಬಹುದು. ದಿನಕ್ಕೆ ಒಂದೇ ಸಲ ‘ಪಾಸ್ಟ್’ ನೋಡುವವರು, ದಿನವಿಡೀ ಮುಖಪುಟ ರಿಫ್ರೆಶ್ ಮಾಡುವವರಿಗಿಂತ ಹೆಚ್ಚು ಒಳ್ಳೆಯದನ್ನು ಓದುತ್ತಾರೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ‘ಲಿಸ್ಟ್ಸ್’ ಎಂಬ ಕೊಂಡಿಯೂ ಇದೆ. ಹೆಚ್ಚಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅದರೊಳಗಿನ ‘ಪೂಲ್’ನಲ್ಲಿ, ಯಾರ ಗಮನಕ್ಕೂ ಬಾರದೆ ಮುಳುಗಿದ್ದ, ಆದರೆ ಮೇಲ್ವಿಚಾರಕರು ಎರಡನೇ ಅವಕಾಶಕ್ಕೆ ಆರಿಸಿದ ಬರಹಗಳು ಸಿಗುತ್ತವೆ. ಹಳೆಯ ಕಂಪ್ಯೂಟರುಗಳ ದುರಸ್ತಿ, ನಕ್ಷೆ ತಯಾರಿ, ಅಕ್ಷರವಿನ್ಯಾಸದಂಥ ವಿಷಯಗಳಿಗೆ ಮುಖಪುಟಕ್ಕಿಂತ ಇಲ್ಲೇ ಹೆಚ್ಚು ಜಾಗ.

ಇನ್ನು ಇಡೀ ತಾಣದಲ್ಲೇ ಅತಿ ಉಪಯುಕ್ತವಾದ ಕೊಂಡಿ ಶೀರ್ಷಿಕೆಯ ಪಕ್ಕದಲ್ಲಿ ಆವರಣದೊಳಗೆ ಬೂದು ಬಣ್ಣದಲ್ಲಿರುವ ಮೂಲತಾಣದ ಹೆಸರು. ಅದು ಅಲಂಕಾರಕ್ಕಲ್ಲ. ಒತ್ತಿದರೆ ಆ ತಾಣದಿಂದ ಇಲ್ಲಿಗೆ ಬಂದ ಬರಹಗಳೆಲ್ಲ, ಅಂಕ ಮತ್ತು ಕಾಮೆಂಟ್ ಸಂಖ್ಯೆಯ ಸಮೇತ, ಸಾಲಾಗಿ ನಿಲ್ಲುತ್ತವೆ. ಯಾರೋ ಒಬ್ಬ ಎಂಜಿನಿಯರ್‌ನ ವೈಯಕ್ತಿಕ ತಾಣದ ಬರಹವೊಂದು ಹಿಡಿಸಿತು ಅನ್ನಿ. ಆ ಪಟ್ಟಿಯಲ್ಲಿ ಬೇರೆ ಬೇರೆ ವರ್ಷಗಳ ನಾಲ್ಕೈದು ಬರಹಗಳು ಚರ್ಚೆಯಾಗಿದ್ದರೆ ತಾಣ ಗಟ್ಟಿ. ಒಂದೇ ಖಾತೆಯಿಂದ ವಾರಕ್ಕೆರಡರಂತೆ ಸೇರಿಸಿ ಎಲ್ಲಕ್ಕೂ ಒಂದೆರಡೇ ಅಂಕ ಬಂದಿದ್ದರೆ, ಪ್ರಚಾರದ ತಾಣವೆಂದು ಅನುಮಾನಿಸುವುದು ಕ್ಷೇಮ.

ಗಟ್ಟಿ ಎನಿಸಿದ್ದನ್ನು ಬುಕ್‌ಮಾರ್ಕ್ ಮಾಡಿ ಮರೆಯುವ ಬದಲು ಆರ್‌ಎಸ್‌ಎಸ್ ರೀಡರ್‌ಗೆ ಹಾಕಿಕೊಳ್ಳಬೇಕು. ತಾಣಗಳು ಹೊಸ ಬರಹಗಳ ಪಟ್ಟಿಯನ್ನು ‘ಫೀಡ್’ ಎಂಬ ಕಡತದಲ್ಲಿ ಇಡುತ್ತವೆ, ಅವನ್ನೆಲ್ಲ ಒಂದೆಡೆ ತಂದು ತೋರಿಸುವ ತಂತ್ರಾಂಶವೇ ಈ ರೀಡರ್. ತಾಣದ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ರೀಡರ್ ತಾನೇ ಫೀಡ್ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಪುಟದ ಸೋರ್ಸ್ (ಅದರ ಹಿಂದಿನ ಕೋಡ್) ತೆರೆದು ‘ಆಲ್ಟರ್ನೇಟ್’ ಎಂಬ ಪದ ಹುಡುಕಿ. ಅದರ ಜೊತೆಗಿರುವ ವಿಳಾಸವೇ ಬಹುಪಾಲು ಫೀಡ್. ಅಲ್ಲೂ ಇಲ್ಲದಿದ್ದರೆ ವಿಳಾಸದ ಕೊನೆಗೆ ಓರೆಗೆರೆ ಎಳೆದು ‘ಫೀಡ್’ ಎಂದು ಸೇರಿಸಿ ನೋಡಿ, ವರ್ಡ್‌ಪ್ರೆಸ್ ತಾಣಗಳಲ್ಲಿ ಇದು ನಡೆಯುತ್ತದೆ. ತಾಣ ಕಟ್ಟುವ ಇನ್ನೊಂದು ತಂತ್ರಾಂಶವಾದ ಹ್ಯೂಗೊದಲ್ಲಿ ಕಟ್ಟಿದ್ದಾದರೆ ‘ಇಂಡೆಕ್ಸ್ ಡಾಟ್ ಎಕ್ಸ್‌ಎಂಎಲ್’. ಫೀಡ್‌ನಲ್ಲಿ ಸಾಮಾನ್ಯವಾಗಿ ಇತ್ತೀಚಿನ ಕೆಲವೇ ಬರಹಗಳಿರುತ್ತವೆ, ಹಳೆಯದು ಬೇಕಿದ್ದರೆ ತಾಣಕ್ಕೇ ಹೋಗಬೇಕು.

ಹ್ಯಾಕರ್ ನ್ಯೂಸನ್ನೇ ಫೀಡ್ ಆಗಿ ತರಿಸಿಕೊಳ್ಳುವವರು ಅದರ ಅಧಿಕೃತ ಫೀಡ್ ಹಾಕಿಕೊಂಡು ಎರಡೇ ದಿನಕ್ಕೆ ಸುಸ್ತಾಗುತ್ತಾರೆ. ಮುಖಪುಟಕ್ಕೆ ಬಂದದ್ದೆಲ್ಲ ಅದರಲ್ಲಿ ಸುರಿಯುತ್ತದೆ. ಬದಲಿಗೆ ಎಚ್‌ಎನ್‌ಆರ್‌ಎಸ್‌ಎಸ್ ಎಂಬ ಸ್ವತಂತ್ರ ಸೇವೆ ಬಳಸಿ. ಅದರ ಫೀಡ್ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ‘ಪಾಯಿಂಟ್ಸ್’, ಸಮ ಚಿಹ್ನೆ, 150 ಎಂದು ಬರೆದರೆ ಅಷ್ಟು ಅಂಕ ದಾಟಿದ್ದು ಮಾತ್ರ ಬರುತ್ತದೆ. ‘ಕ್ಯೂ’ ಅಕ್ಷರದ ಮುಂದೆ ಒಂದು ಪದ ಕೊಟ್ಟರೆ ಆ ವಿಷಯದ್ದು ಮಾತ್ರ. ಒಂದು ತೊಡಕಿದೆ: ಇಲ್ಲಿ ದಿನಾಂಕವೆಂದರೆ ಕೊಂಡಿ ಸೇರಿದ ಹೊತ್ತು, 150 ದಾಟಿದ ಹೊತ್ತಲ್ಲ. ಆರು ಗಂಟೆ ತಡವಾಗಿ ದಾಟಿದ್ದು ನೀವು ಆಗಲೇ ಓದಿದವುಗಳ ಕೆಳಗೆ ಹೋಗಿ ಕೂರುತ್ತದೆ. ರೀಡರ್‌ನಲ್ಲಿ ‘ಓದದವು ಮಾತ್ರ’ ಎಂಬ ಆಯ್ಕೆ ಹಾಕಿಟ್ಟರೆ ತಪ್ಪಿಹೋಗುವುದಿಲ್ಲ.

ಹುಡುಕಾಟವನ್ನು ಆಲ್ಗೋಲಿಯಾ ಸಂಸ್ಥೆ ನಡೆಸಿಕೊಡುತ್ತದೆ, ಬಲು ಚುರುಕು. ಆದರೆ ಮೊದಲಿಗೆ ಅದು ಜನಪ್ರಿಯತೆಯ ಕ್ರಮದಲ್ಲಿ, ಎಲ್ಲ ಕಾಲದ ಫಲಿತಾಂಶ ತೋರಿಸುವುದರಿಂದ ಹತ್ತು ವರ್ಷ ಹಳೆಯ ಸಲಹೆ ಮೇಲೆ ಬಂದು ದಾರಿ ತಪ್ಪಿಸಬಹುದು. ಒಂದು ತಂತ್ರಾಂಶ ಕೊಳ್ಳುವ ಮುನ್ನ ಅದರ ಹೆಸರು ಹಾಕಿ, ‘ಸ್ಟೋರೀಸ್’ (ಕೊಂಡಿಗಳು) ಬದಲು ಕಾಮೆಂಟ್ ಆರಿಸಿ, ಕಾಲವನ್ನು ಕಳೆದ ಒಂದು ವರ್ಷಕ್ಕೆ ಇಳಿಸಿ ನೋಡಿ. ಬಳಸಿ ಬಿಟ್ಟವರ ಮಾತು ಅಲ್ಲಿ ಸಿಗುತ್ತದೆ, ಕಂಪನಿಯ ಜಾಹೀರಾತಿನಲ್ಲಿ ಅದು ಇರುವುದಿಲ್ಲ.

ಕಾಮೆಂಟ್‌ಗಳ ಗುಣಮಟ್ಟ ವಿಷಯಕ್ಕೆ ತಕ್ಕಂತೆ. ಡೇಟಾಬೇಸ್, ಕಂಪೈಲರ್, ನೆಟ್‌ವರ್ಕ್ ವಿಚಾರದಲ್ಲಿ ಅದನ್ನು ಕಟ್ಟಿದವರೇ ಬಂದು ಉತ್ತರಿಸುವುದುಂಟು. ವೈದ್ಯಕೀಯ, ಕಾನೂನು, ಅರ್ಥಶಾಸ್ತ್ರಕ್ಕೆ ಬಂದರೆ ಅದೇ ಆತ್ಮವಿಶ್ವಾಸ, ಅರ್ಧ ತಿಳಿವಳಿಕೆ. ಶೀರ್ಷಿಕೆಗಳಲ್ಲೂ ಒಂದು ಕಿರಿಕಿರಿ: ಆರಂಭದ ‘ಹೌ’ ಎಂಬ ಪದವನ್ನು ತಂತ್ರಾಂಶ ತಾನಾಗಿ ಕತ್ತರಿಸುವುದರಿಂದ ಕೆಲವು ಸಾಲುಗಳು ಅರ್ಥಗೆಟ್ಟು ನಿಲ್ಲುತ್ತವೆ. ಮೊಬೈಲ್‌ನಲ್ಲಿ ಮತದ ತ್ರಿಕೋನ ತೀರಾ ಸಣ್ಣದು, ಬೆರಳು ತಪ್ಪಿ ‘ಹೈಡ್’ ಮೇಲೆ ಬಿದ್ದರೆ ಕೊಂಡಿ ಮಾಯ. ಖಾತೆಯ ಪುಟದ ‘ಹಿಡನ್’ ಪಟ್ಟಿಯಿಂದ ಅದನ್ನು ಮರಳಿ ತರಬಹುದು. ಅಂಕವೂ ಕಾಮೆಂಟೂ ಇಲ್ಲದ ಸಾಲು ಮಧ್ಯೆ ಕಂಡರೆ ಅದು ವೈ ಕಾಂಬಿನೇಟರ್ ಹಣ ಹೂಡಿದ ಕಂಪನಿಯ ಉದ್ಯೋಗ ಜಾಹೀರಾತು.

ಸದಸ್ಯರು ತಾವೇ ಮಾಡಿದ್ದನ್ನು ತೋರಿಸುವ ‘ಶೋ’ ವಿಭಾಗ ಬೇರೆಯೇ ಖುಷಿ. ಓದುಗರು ಬಳಸಿ ನೋಡಬಹುದಾದ ವಸ್ತುವಿಗಷ್ಟೇ ಅಲ್ಲಿ ಅವಕಾಶ, ಬರೀ ಬರಹಕ್ಕೂ ನೋಂದಣಿ ಪುಟಕ್ಕೂ ಇಲ್ಲ. ಮುಖಪುಟಕ್ಕೆ ಏರಿದ ಕೂಡಲೇ ಜನಸಂದಣಿ ತಾಳದೆ ಪುಟ್ಟ ಸರ್ವರ್‌ಗಳು ಮಲಗಿಬಿಡುವುದು ಮಾಮೂಲು, ಮರುದಿನ ಮತ್ತೆ ತೆರೆದು ನೋಡಿ.

ಬರೀ ಉದ್ಯಮದ ಸುದ್ದಿ ಸಾಕೆನ್ನುವವರಿಗೆ ಟೆಕ್‌ಮೀಮ್ ಹೆಚ್ಚು ಸರಿ. 2005ರಿಂದ ಇರುವ ಅದು ಒಂದೇ ಸುದ್ದಿಯ ಹಲವು ವರದಿಗಳನ್ನು ಒಂದೇ ಶೀರ್ಷಿಕೆಯಡಿ ಗುಂಪು ಮಾಡಿಕೊಡುತ್ತದೆ. ಪ್ರೋಗ್ರಾಮಿಂಗ್ ಮಾತ್ರ ಬೇಕಿದ್ದರೆ ಲಾಬ್‌ಸ್ಟರ್ಸ್ ಇದೆ. ಬರೆಯಲು ಸದಸ್ಯರೊಬ್ಬರ ಆಹ್ವಾನ ಬೇಕು, ಓದಲು ಬೇಡ. ಪ್ರತಿ ಕೊಂಡಿಗೂ ಟ್ಯಾಗ್ ಇರುವುದರಿಂದ ಬೇಡದ ವಿಷಯವನ್ನು ಪೂರ್ತಿ ಮರೆಮಾಡಬಹುದು. ಹ್ಯಾಕರ್ ನ್ಯೂಸ್‌ನಲ್ಲಿ ಅದಾಗದು, ಕೃತಕ ಬುದ್ಧಿಮತ್ತೆಯ ಸುದ್ದಿ ಸಾಕಾದವರಿಗೆ ಇದೇ ದೊಡ್ಡ ಕೊರತೆ.

ಖಾತೆ ತೆರೆಯುವುದಾದರೆ ಮೂರು ಸಂಗತಿ ಗಮನಿಸಿ. ಇಮೇಲ್ ಕೇಳದೆಯೇ ಖಾತೆ ಸಿಗುತ್ತದೆ, ಆದರೆ ನಂತರ ಸೇರಿಸದಿದ್ದರೆ ಮರೆತ ಪಾಸ್‌ವರ್ಡ್ ಮತ್ತೆ ಸಿಗದು. ಬರೆದ ಕಾಮೆಂಟನ್ನು ತಿದ್ದಲು ಎರಡು ಗಂಟೆ ಮಾತ್ರ ಅವಕಾಶ, ಯಾರಾದರೂ ಉತ್ತರಿಸಿದ ಮೇಲೆ ಅಳಿಸಲೂ ಆಗದು. ಮೂರನೆಯದು ಖಾತೆಯ ಪುಟದಲ್ಲಿರುವ ‘ನೊಪ್ರೊಕ್ರಾಸ್ಟ್’. ಅದಕ್ಕೆ ‘ಯೆಸ್’ ಕೊಟ್ಟರೆ, ಮೊದಲೇ ನಿಗದಿಯಾದ ಅಳತೆಯಂತೆ, 20 ನಿಮಿಷ ಓದಿದ ಮೇಲೆ ತಾಣ 180 ನಿಮಿಷ ಬಾಗಿಲು ಹಾಕಿಕೊಳ್ಳುತ್ತದೆ. ಎರಡೂ ಅಂಕಿಗಳನ್ನು ಬದಲಿಸಬಹುದು. ಆದರೆ ಲಾಗೌಟ್ ಮಾಡಿದರೆ ಇದು ಕೆಲಸ ಮಾಡುವುದಿಲ್ಲ.