ಕಡಿಮೆ ತೂಕದಲ್ಲಿ ಹುಟ್ಟಿದ ಮಗು ಇದ್ದರೆ ಕುಶಾಲನಗರದ ಈ ಕಣ್ಣಿನ ಕ್ಲಿನಿಕ್‌ಗೆ ಹೋಗಬಹುದು

ನಾಲ್ಕು ಸ್ಟಾರ್. ಐದು ಕೊಡುತ್ತಿದ್ದೆ, ಪಕ್ಕದ ಕನ್ನಡಕದ ಅಂಗಡಿ ಕೆಡಿಸಿತು.

ಮಗಳು ಹುಟ್ಟಿದಾಗ 1,600 ಗ್ರಾಂ. ಈಗ ಒಂದನೇ ಕ್ಲಾಸ್. ಶಾಲೆಯ ತಪಾಸಣೆಯಲ್ಲಿ ಎರಡೂ ಕಣ್ಣು ಬಿಟ್ಟುಕೊಂಡು ಅಕ್ಷರ ಓದಿಸಿ ಎಲ್ಲಾ ಸರಿ ಇದೆ ಅಂದಿದ್ದರು. ಹಾಗೆ ಓದಿಸಿದರೆ ಏನು ಗೊತ್ತಾಗುತ್ತೆ? ಒಂದು ಕಣ್ಣು ಮಂಜಾಗಿದ್ದರೂ ಇನ್ನೊಂದು ಸುಧಾರಿಸಿಕೊಂಡು ಹೋಗುತ್ತೆ ಅಲ್ವಾ.

ಇಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಹುಟ್ಟಿದ ತೂಕ, ಎಷ್ಟನೇ ವಾರಕ್ಕೆ ಹೆರಿಗೆ, ಆಕ್ಸಿಜನ್ ಕೊಟ್ಟಿದ್ದರಾ, ಆಗ ರೆಟಿನಾ (ಕಣ್ಣಿನ ಹಿಂಭಾಗದ ಪದರ) ನೋಡಿಸಿದ್ದಿರಾ ಅಂತ. ಹಳೇ ಡಿಸ್ಚಾರ್ಜ್ ಕಾಗದ ಮರೆಯದೆ ಒಯ್ಯಿರಿ. 2,000 ಗ್ರಾಂಗಿಂತ ಕಡಿಮೆ ಇದ್ದರೆ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದರೆ ಹುಟ್ಟಿದ 30 ದಿನದೊಳಗೆ ಆರ್‌ಒಪಿ, ಅಂದರೆ ಬೇಗ ಹುಟ್ಟಿದ ಮಕ್ಕಳಿಗೆ ಬರುವ ರೆಟಿನಾ ತೊಂದರೆಯ ಪರೀಕ್ಷೆ ಆಗಬೇಕು. ರೆಟಿನಾದ ರಕ್ತನಾಳ ಪೂರ್ತಿ ಬೆಳೆಯುವ ಮೊದಲೇ ಮಗು ಹುಟ್ಟಿದರೆ ಅವು ಅಡ್ಡಾದಿಡ್ಡಿ ಬೆಳೆಯಬಹುದು, ಬಿಟ್ಟರೆ ಕಣ್ಣೇ ಹೋಗಬಹುದು. ನಮ್ಮವಳದ್ದು ಆಗ ನೋಡಿಸಿದ್ದೆವು, ಲೇಸರ್ ಬೇಕಾಗಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಮುಗಿಯುವುದಿಲ್ಲವಂತೆ. ಆರ್‌ಒಪಿ ಬರದೇ ಇದ್ದರೂ ಇಂಥ ಮಕ್ಕಳಲ್ಲಿ ಮೆಳ್ಳೆಗಣ್ಣು, ಮೈನಸ್ ಪವರ್, ಸೋಮಾರಿ ಕಣ್ಣು (ಮಿದುಳು ಒಂದು ಕಣ್ಣನ್ನು ಸರಿಯಾಗಿ ಬಳಸದೆ ಅದರ ದೃಷ್ಟಿ ಕುಂದುವುದು) ಜಾಸ್ತಿ. ಕೆಲವರಿಗೆ ಕಣ್ಣು ಸರಿ ಇದ್ದರೂ ಕಂಡದ್ದನ್ನು ಗುರುತಿಸುವುದು ಮಿದುಳಿಗೆ ಕಷ್ಟ ಆಗುತ್ತೆ.

ಡ್ರಾಪ್ಸ್ ಹಾಕಿಯೇ ಪವರ್ ನೋಡಿದರು. ಮಕ್ಕಳು ಕಣ್ಣು ಬಿಗಿದು ಫೋಕಸ್ ಮಾಡುತ್ತಾರೆ, ಅದಕ್ಕೇ ಸುಮ್ನೆ ಕಂಪ್ಯೂಟರ್‌ನಲ್ಲಿ ಬಂದ ನಂಬರ್ ನಂಬುವಂತಿಲ್ಲ. ಬಲಗಣ್ಣಿಗೆ ಮೈನಸ್ ಮೂರೂವರೆ, ಎಡಗಣ್ಣಿಗೆ ಬರೀ ಮೈನಸ್ ಅರ್ಧ! ಕನ್ನಡಕದ ಜೊತೆಗೆ, ಮಂಜು ಕಣ್ಣು ಕೆಲಸ ಮಾಡಲಿ ಅಂತ ದಿನಕ್ಕೆ ಎರಡು ಗಂಟೆ ಒಳ್ಳೇ ಕಣ್ಣಿಗೆ ಮುಚ್ಚುವ ಪ್ಯಾಚ್. ಚಿಕ್ಕ ವಯಸ್ಸಲ್ಲೇ ಶುರು ಮಾಡಿದರೆ ಫಲ ಜಾಸ್ತಿ ಅಂದರು. ಮಗಳ ಹತ್ತಿರ ನೇರವಾಗಿ ಮಾತಾಡಿ, ಪ್ಯಾಚ್ ಮೇಲೆ ಚಿತ್ರ ಬರೆದುಕೊಳ್ಳೋಕೆ ಹೇಳಿದ್ದು ನನಗೆ ತುಂಬಾ ಇಷ್ಟ ಆಯ್ತು.

ಈಗ ಅಂಗಡಿ. ಆರು ವರ್ಷದ ಮಗುವಿಗೆ ಭಾರದ ಮೆಟಲ್ ಫ್ರೇಮ್, ಗಾಜಿನ ಲೆನ್ಸ್ ತೋರಿಸುತ್ತಾರೆ! ಒಪ್ಪಬೇಡಿ. ಪಾಲಿಕಾರ್ಬೊನೇಟ್ ಲೆನ್ಸ್, ಹಗುರ ಪ್ಲಾಸ್ಟಿಕ್ ಫ್ರೇಮ್, ಹಿಂದೆ ಎಲಾಸ್ಟಿಕ್ ಪಟ್ಟಿ ಕೇಳಿ. ಚೀಟಿ ಹಿಡಿದು ಬೇರೆ ಕಡೆ ಮಾಡಿಸಿದರೂ ಡಾಕ್ಟರ್ ಏನೂ ಅನ್ನಲ್ಲ.

ಕಾಯುವುದಂತೂ ತಪ್ಪಿದ್ದಲ್ಲ. ಸೋಮವಾರಪೇಟೆ, ಸುಂಟಿಕೊಪ್ಪ ಕಡೆಯವರೂ ಇಲ್ಲಿಗೇ ಬರುತ್ತಾರೆ, ಶನಿವಾರ ಅಂತೂ ಜಾತ್ರೆ. ಬೇರೆ ದಿನ ಬೆಳಗ್ಗೆಯೇ ಹೋಗಿ. ಡ್ರಾಪ್ಸ್ ಹಾಕಿದ ಮೇಲೆ ಬಿಸಿಲಿಗೆ ಕಣ್ಣು ಬಿಡೋಕೆ ಆಗಲ್ಲ, ಟೋಪಿ ಇರಲಿ, ಮರುದಿನ ಶಾಲೆಗೆ ರಜೆ ಹೇಳಿಟ್ಟಿರಿ.